ಆಫ್ರಾಳ ಬಳ್ಳಿ

ಮೂಡುಬಿದಿರೆ
18 ಆಗಸ್ಟ್ 2024

ಪ್ರೀತಿಯ ಆಫ್ರಾ,

ಮಗು ಹೇಗುಂಟು? ಇಷ್ಟು ಕೇಳಲಿಕ್ಕೂ ನೀನು ಫೋನ್ ಎತ್ತುತ್ತಿಲ್ಲ. ಕೋಪ ಯಾಕೆಂದು ಗೊತ್ತು. ವಿಚಾರಸಂಕಿರಣದ ಪೋಸ್ಟರ್ ನಮ್ಮ ಲ್ಯಾಬಿನ ವಾಟ್ಸ್ಆ್ಯಪ್ ಗುಂಪಿಗೆ ಬಂದ ಸಂಜೆಯೇ ನೀನು ಗುಂಪು ಬಿಟ್ಟೆ. ಅದರಲ್ಲಿ ನಿನ್ನ ಸಂಶೋಧನೆಯ ವಿಷಯದ ಕೆಳಗೆ ನನ್ನ ಹೆಸರಿತ್ತು. ಕಳೆದ ವಾರ ನಿನ್ನ ಗಂಡನ ಮನೆಗೆಂದು ಬಿ.ಸಿ.ರೋಡಿನಲ್ಲಿ ಬಸ್ಸಿಳಿದೆ. ಬಾಗಿಲಲ್ಲಿ ನೀನು ಮುಖ ತಿರುಗಿಸಿದರೆ ಏನು ಮಾಡುವುದೆಂದು ಬಸ್‌ಸ್ಟ್ಯಾಂಡಿನಿಂದಲೇ ಹಿಂದಿರುಗಿದೆ. ಲಾಯಿಲದ ನಿನ್ನ ತವರಿಗೆ ಹೋಗಿ ಉಮ್ಮನಿಂದ ಆ ಮನೆಯ ಅಂಚೆ ವಿಳಾಸ ಪಡೆದು ಬರೆಯುತ್ತಿದ್ದೇನೆ. ಪೂರ್ತಿ ಓದು.

ನೀನು ಹೆರಿಗೆಗೆಂದು ಹೋದ ಮೇಲೆ ನೀನು ತಂದ ಬಳ್ಳಿಯಿಂದ ನೆರಳುಮನೆಯಲ್ಲಿ ಬೆಳೆಸಿದ ಕರಿಮೆಣಸಿನ ಗಿಡಗಳನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಒಂದು ದಿನ ನಮ್ಮ ಗೈಡ್ ಉದಯಶಂಕರ ಸರ್ ಕರೆದು, ಸೊರಗು ರೋಗಕ್ಕೆ ಬಗ್ಗದ ಆ ಬಳ್ಳಿಯ ಬಗ್ಗೆ ನಾನು ಪ್ರಬಂಧ ಮಂಡಿಸಬೇಕೆಂದರು. ಅದು ಆಫ್ರಾಳ ಪಿಎಚ್‌ಡಿ ಕೆಲಸ ಎಂದೆ.

"ಅವಳು ಬಿಟ್ಟು ಹೋಗಿ ಆಯ್ತಲ್ಲ. ಕೆಲಸ ಲ್ಯಾಬಿನದ್ದು. ನಿನ್ನ ಥೀಸಿಸಿಗೆ ಸಹಿ ಹಾಕಬೇಕಾದವನು ನಾನು, ನೆನಪುಂಟಲ್ಲ?"

ಸರ್ ದನಿ ಏರಿಸಲಿಲ್ಲ. ನಾನು ಹೊರಗೆ ಬಂದೆ. ನಿನಗೆ ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗಲೇ ಪೋಸ್ಟರ್ ಹೋಗಿಬಿಟ್ಟಿತು.

ವಿಚಾರಸಂಕಿರಣದ ದಿನ ಸಭಾಂಗಣ ತುಂಬಿತ್ತು. ಓದಿ ಮುಗಿಸಿದೆ. ಹೊರಗಿನಿಂದ ಬಂದಿದ್ದ ವಿಜ್ಞಾನಿಯೊಬ್ಬರು ಎದ್ದು, ಸುತ್ತಲಿನ ಬಳ್ಳಿಗಳೆಲ್ಲ ಸತ್ತ ಜಾಗದಲ್ಲಿ ಇದೊಂದು ನಿಮ್ಮ ಕಣ್ಣಿಗೆ ಬಿದ್ದದ್ದು ಹೇಗೆ ಎಂದು ಕೇಳಿದರು. ಕೊಂಕಿಲ್ಲದೆ, ಕುತೂಹಲದಿಂದ ಕೇಳಿದರು. ಗುರುವಾಯನಕೆರೆಯಲ್ಲಿ ಬಸ್ಸಿಳಿದು, ಬೇಲಿ ದಾಟಿ, ಹಲಸಿನ ಮರಕ್ಕೆ ಹಬ್ಬಿದ ಆ ಬಳ್ಳಿಯ ಬುಡವನ್ನು ಬೆರಳಿನಿಂದ ಕೆದಕಿ ನೋಡಿದವಳು ನೀನು. ಉಗುರು ಸಂದಿಯ ಮಣ್ಣಿನೊಂದಿಗೇ ಲ್ಯಾಬಿಗೆ ಬಂದು, ಬೇರು ಬೆಳ್ಳಗೆ ಉಂಟು ಮಾರಾಯ್ತಿ, ಒಂದೂ ಕೊಳೆತಿಲ್ಲ ಎಂದು ನನ್ನ ಕೈ ಹಿಡಿದು ಕುಣಿದವಳು ನೀನು.

ಮೈಕಿನಲ್ಲಿ ಹೇಳಿದೆ: "ಅದನ್ನು ನಾನು ಹುಡುಕಿದ್ದಲ್ಲ ಸರ್. ಆಫ್ರಾ ಅಂತ, ನಮ್ಮ ಲ್ಯಾಬಿನವಳು. ಈ ಕೆಲಸ ಪೂರ್ತಿ ಅವಳದ್ದು."

ಉದಯಶಂಕರ ಸರ್ ಮೊದಲ ಸಾಲಿನಲ್ಲಿ ನಗುತ್ತಲೇ ಇದ್ದರು. ಊಟದ ಹೊತ್ತಿಗೆ ಕೈ ತೊಳೆಯುವಲ್ಲಿ ಪಕ್ಕಕ್ಕೆ ಬಂದು, ಬೇರೆ ಗೈಡ್ ನೋಡಿಕೊ ಎಂದು ಹೇಳಿ ಹೋದರು. ಮರುದಿನ ನೆರಳುಮನೆಯ ಕೀಲಿಕೈ ಕೊಟ್ಟುಬಿಡಬೇಕಾಯಿತು. ವಿಭಾಗದ ಬೇರೆ ಇಬ್ಬರನ್ನು ಕೇಳಿದೆ. ಒಬ್ಬರು ಜಾಗ ಇಲ್ಲವೆಂದರು, ಇನ್ನೊಬ್ಬರು ಕಾಫಿ ಕುಡಿಸಿ ಕಳುಹಿಸಿದರು.

ಮನೆಯಲ್ಲಿ ಹೇಳಿಲ್ಲ. ಪ್ರಬಂಧ ಚೆನ್ನಾಯಿತಂತೆ ಎಂದು ಅಮ್ಮ ಪಾಯಸ ಮಾಡಿದರು; ಮತ್ತೊಮ್ಮೆ ಹಾಕಿಸಿಕೊಂಡು ತಿಂದೆ. ಈಗಲೂ ಬೆಳಿಗ್ಗೆ ಬುತ್ತಿ ಹಿಡಿದು ಬಸ್ಸು ಹತ್ತುತ್ತೇನೆ. ಲೈಬ್ರರಿಯಲ್ಲಿ ಕೂತು ಸಂಜೆ ಮನೆಗೆ ಮರಳುತ್ತೇನೆ. ಅಪ್ಪ ಥೀಸಿಸ್ ಎಲ್ಲಿಗೆ ಬಂತೆಂದು ಕೇಳಿದಾಗ ಬರೆಯುತ್ತಾ ಇದ್ದೇನೆ ಎನ್ನುತ್ತೇನೆ.

ಗಿಡಗಳ ವಿಷಯ ಮುಚ್ಚಿಡುವುದಿಲ್ಲ. ನೆರಳುಮನೆಯ ಬಲೆಯ ಹೊರಗೆ ನಿಂತು ನೋಡುತ್ತೇನೆ. ಕೆಲವು ಕುಂಡಗಳಲ್ಲಿ ಎಲೆ ಬಾಡಿದೆ. ನೀರು ಹಾಕುವವರಿಲ್ಲದೆ ಬಾಡಿದ್ದೋ, ರೋಗವೇ ಒಳಹೊಕ್ಕಿತೋ, ಹೊರಗಿನಿಂದ ಹೇಳಲಿಕ್ಕಾಗುವುದಿಲ್ಲ. ರೋಗವೇ ಆದರೆ ಆ ಬಳ್ಳಿಯ ಬಗ್ಗೆ ನಾವು ನಂಬಿದ್ದು ತಪ್ಪೆಂದಾಗುತ್ತದೆ. ತಪ್ಪಾದರೂ ಅದನ್ನು ಕಂಡು ಬರೆಯಬೇಕಾದವಳು ನೀನು. ಬೇರೆಯವರು ಕಿತ್ತು ಬಿಸಾಡುವ ಮೊದಲು.

ಫೋನ್ ಎತ್ತದಿದ್ದರೂ ಚಿಂತೆಯಿಲ್ಲ. ಓದಿದೆ ಎಂದು ಒಂದು ಮೆಸೇಜು ಹಾಕು. ಮಗುವಿಗೆ ನನ್ನ ಮುತ್ತು ಕೊಡು.

ನಿನ್ನ ಪಕ್ಕದ ಮೇಜಿನವಳು,
ಶುಭಶ್ರೀ

ಮತ್ತೊಂದು ಮಾತು: ಗೈಡ್ ಬದಲಾವಣೆಗೆಂದು ವಿಶ್ವವಿದ್ಯಾಲಯದ ಆಫೀಸಿಗೆ ಹೋದಾಗ ನಿನ್ನ ವಿಷಯವನ್ನೂ ವಿಚಾರಿಸಿದೆ. ಪಿಎಚ್‌ಡಿ ಮಾಡುವ ಹೆಂಗಸರಿಗೆ ಹೆರಿಗೆ ರಜೆ ಉಂಟಂತೆ. ನೀನು ಕೇಳಿದಾಗಲೂ ಇತ್ತಂತೆ. ಅಂಥದ್ದೇನೂ ಇಲ್ಲ, ಬಿಡುವುದೊಂದೇ ದಾರಿ ಎಂದು ಸರ್ ನಿನಗೆ ಹೇಳಿದ್ದಲ್ಲವೇ? ಅಲ್ಲಿ ನಿನ್ನ ಹೆಸರು ಇನ್ನೂ ತೆಗೆದಿಲ್ಲ. ದೂರು ಕೊಡುವುದಾದರೆ ಜೊತೆಗೆ ನಾನು ಬರುತ್ತೇನೆ. ನೀನು ಮಾತಾಡುವಾಗ ಮಗುವನ್ನು ಎತ್ತಿಕೊಳ್ಳಲಿಕ್ಕೆ ಒಬ್ಬರು ಬೇಕಲ್ಲ.