ಮಾವನ ಬೆನ್ನು

ಪ್ರೆಸ್ಸಿನ ಮೇಲಿನ ಕೋಣೆ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಅಂಗಡಿ ತೆಗೆಯುತ್ತಿದ್ದೀಯಾ? ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚಿ ಕೂತರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ತಲೆ ಎತ್ತದವನು ನೀನು. ಈಗ ಕೈ ನಡುಗಿ ಸಣ್ಣ ಸ್ಕ್ರೂ ಹಿಡಿಯಲು ಆಗುತ್ತಿಲ್ಲವಂತೆ, ಅಮ್ಮ ಹೇಳಿದಳು. ಕುಡಿಯುವುದು ಕಡಿಮೆಯಾಗಿದೆಯಾ ಎಂದು ಕೇಳುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ, ಆದ್ದರಿಂದ ಕೇಳುತ್ತಿಲ್ಲ. ಮಗುವನ್ನು ಕರೆದುಕೊಂಡು ತವರಿಗೆ ಹೋಗಿರುವ ಅತ್ತಿಗೆ ಈ ತಿಂಗಳ ಕೊನೆಯವರೆಗೆ ನೋಡುತ್ತಾರಂತೆ, ಆಮೇಲೆ ಅವನನ್ನು ಅಲ್ಲಿಯ ಶಾಲೆಗೇ ಸೇರಿಸಿಬಿಡುತ್ತಾರಂತೆ. ಇದು ನಿನಗೂ ಗೊತ್ತಿರುತ್ತದೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕಾಗದದ್ದೊಂದು ಅನುಕೂಲ, ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ.

ನಾನು ತುಂಬಾ, ತುಂಬಾ, ತುಂಬಾ ಚೆನ್ನಾಗಿದ್ದೇನೆ. ಇವರೂ ಚೆನ್ನಾಗಿದ್ದಾರೆ. ‘ಇವರು’ ಎಂದು ಬರೆಯುವಾಗ ನಗು ಬರುತ್ತಿದೆ, ಯಾಕೆಂದರೆ ನಾವಿಬ್ಬರೇ ಇದ್ದಾಗ ಹೆಸರು ಹಿಡಿದೇ ಕರೆಯುತ್ತೇನೆ, ಅತ್ತೆ ಎದುರಿಗಿದ್ದರೆ ಮಾತ್ರ ಮರ್ಯಾದೆ. ಕೆಳಗೆ ಪ್ರೆಸ್ಸು, ಮೇಲೆ ಮನೆ. ಕೆಳಗೆ ಯಂತ್ರ ಓಡಿದರೆ ಮೇಲೆ ಶೆಲ್ಫಿನ ಲೋಟಗಳೆಲ್ಲ ಗಲಗಲ ಅನ್ನುತ್ತವೆ, ಅದರ ಮೇಲೇ ಇವರು ಊಟಕ್ಕೆ ಬರುವ ಹೊತ್ತನ್ನು ನಾನು ಲೆಕ್ಕ ಹಾಕುತ್ತೇನೆ. ಎಷ್ಟು ತಿಕ್ಕಿ ತೊಳೆದರೂ ಇವರ ಬೆರಳಿನ ಶಾಯಿ ಹೋಗುವುದಿಲ್ಲ. ನನ್ನ ಬಿಳಿ ಬಟ್ಟೆಗಳೆಲ್ಲ ಕೆಲಸಕ್ಕೆ ಬಾರದಂತಾಗಿವೆ, ನನಗೆ ಅದರಲ್ಲೂ ಖುಷಿಯೇ. ನೀನು ಮದುವೆಗೆ ಬರದಿದ್ದಾಗ ನಿನಗೆ ವಿಪರೀತ ಜ್ವರ ಎಂದು ಅಮ್ಮ ಇಲ್ಲಿಯವರಿಗೆ ಹೇಳಿದ್ದಳಲ್ಲ, ಪಾಪ, ಅತ್ತೆ ಇವತ್ತಿಗೂ ‘ನಿಮ್ಮಣ್ಣನ ಜ್ವರ ಬಿಡ್ತಾ?’ ಎಂದು ಕೇಳುತ್ತಾರೆ. ನಾನೂ ‘ಸ್ವಲ್ಪ ಪರವಾಗಿಲ್ಲ ಅತ್ತೆ’ ಅನ್ನುತ್ತೇನೆ. ಇಷ್ಟು ದಿನ ಬಿಡದ ಜ್ವರ ಯಾವುದಿರಬಹುದು ಎಂದು ಅವರು ಒಮ್ಮೆಯೂ ಕೇಳಿಲ್ಲ.

ಈಗ ಮುಖ್ಯ ಸುದ್ದಿ. ನಾನೊಂದು ಪೋಸ್ಟರ್ ಮಾಡಿದೆ. ಇಲ್ಲಿ ಒಬ್ಬರು ನಿವೃತ್ತ ನರ್ಸ್ ಇದ್ದಾರೆ. ಕುಡಿತ ಬಿಡಬೇಕೆನ್ನುವವರು ಗುರುವಾರ ಸಂಜೆ ಲೈಬ್ರರಿಯ ಮಹಡಿಯಲ್ಲಿ ಸೇರುತ್ತಾರೆ, ಅದನ್ನು ನೋಡಿಕೊಳ್ಳುವವರು ಆ ನರ್ಸಮ್ಮನೇ. ಜನಕ್ಕೆ ಈ ವಿಷಯವೇ ಗೊತ್ತಿಲ್ಲ, ಗೋಡೆಗೆ ಹಚ್ಚಲು ಪೋಸ್ಟರ್ ಬೇಕು, ಹಂಚಲು ಕರಪತ್ರ ಬೇಕು ಎಂದು ಬಂದರು. ಇವರು ಕಾಗದ ಕೊಳ್ಳಲು ಬೇರೆ ಊರಿಗೆ ಹೋಗಿದ್ದರು. ಬರುವುದರೊಳಗೆ ನಾನೇ ಮುಗಿಸಿ ಬೆರಗುಗೊಳಿಸೋಣವೆಂದು ಒಪ್ಪಿಕೊಂಡೆ. ಕಷ್ಟಪಟ್ಟು ‘ವ್ಯಸನಮುಕ್ತಿಯ ಪಯಣದಲ್ಲಿ ನಮ್ಮೊಂದಿಗೆ ಕೈಜೋಡಿಸಿ’ ಎಂದು ಬರೆದಿದ್ದೆ. ನರ್ಸಮ್ಮ ಓದಿ, ‘ಯಾರನ್ನ ಕರೀತಿದ್ದೀಯಮ್ಮಾ, ಮಂತ್ರಿಗಳನ್ನಾ?’ ಅಂದರು. ಆಮೇಲೆ ಇಬ್ಬರೂ ಕೂತು, ‘ಕುಡಿಯೋದು ನಿಲ್ಲಿಸಬೇಕು ಅನ್ನಿಸಿದೆಯಾ? ಬನ್ನಿ. ಹೆಸರು ಕೇಳುವುದಿಲ್ಲ’ ಎಂದು ಬರೆದೆವು. ಕೆಳಗೆ ದಿನ, ಹೊತ್ತು, ಜಾಗ. ಚಿತ್ರದಲ್ಲಿ ಮುಖ ಮಾತ್ರ ಇರಕೂಡದು, ಅಲ್ಲಿಗೆ ಬರುವವರು ಯಾರೆಂದು ಹೊರಗೆ ತಿಳಿಯಕೂಡದು ಎಂದು ಅವರು ಎರಡೆರಡು ಸಲ ಹೇಳಿದರು.

ಮುಖ ಬೇಡ ತಾನೆ, ಬೆನ್ನು ಇರಲಿ ಎಂದುಕೊಂಡೆ. ಮಾವ ಕೆಲಸ ಮುಗಿಸಿ ಬಂದು ಕಿಟಕಿಯ ಕಡೆ ತಿರುಗಿ ಟೀ ಕುಡಿಯುತ್ತ ಕೂತಿದ್ದರು. ಕಾಲರಿನ ಒಳಗೆ ಮಡಿಸಿದ ಕರವಸ್ತ್ರ, ಬಲಗಡೆಗಿಂತ ತಗ್ಗಿದ ಎಡ ಭುಜ, ಅಗಲ ಕಿವಿಯ ಅಂಚಿನಲ್ಲಿ ಬೆಳಕು. ‘ಮಾವ, ಒಂದೇ ನಿಮಿಷ ಹಾಗೇ ಕೂತಿರಿ’ ಎಂದು ಫೋಟೊ ತೆಗೆದೆ. ಎಷ್ಟು ಚೆನ್ನಾಗಿ ಬಂತು ಗೊತ್ತಾ! ಮಾದರಿ ತೋರಿಸಿದಾಗ ನರ್ಸಮ್ಮ ಬಹಳ ಹೊತ್ತು ಅದನ್ನೇ ನೋಡಿ, ‘ಅವರನ್ನ ಕೇಳಿದ್ದೀಯಾ?’ ಅಂದರು. ‘ಓ, ಕೇಳಿಯೇ ತೆಗೆದದ್ದು’ ಅಂದೆ. ಅವರು ಕಣ್ಣೊರೆಸಿಕೊಂಡರು. ಅಷ್ಟೊಂದು ಇಷ್ಟವಾಯಿತಲ್ಲ ಎಂದು ನಾನು ಹಿಗ್ಗಿದೆ. ಮರುದಿನವೇ ಆಸ್ಪತ್ರೆ, ಸಾರಾಯಿ ಅಂಗಡಿಯ ಪಕ್ಕದ ಗೋಡೆ, ಎಲ್ಲ ಬಸ್ ನಿಲ್ದಾಣಗಳು, ಒಂದೂ ಬಿಡದೆ ಹಚ್ಚಿಸಿದೆ.

ಅಣ್ಣಾ, ಮಾವ ಸಿಟಿ ಬಸ್ಸಿನ ಡ್ರೈವರ್. ಈ ಊರಿನ ಅರ್ಧ ಜನ ಎಷ್ಟೋ ವರ್ಷಗಳಿಂದ ದಿನಾ ಬೆಳಿಗ್ಗೆ ಅವರ ಹಿಂದೆ ಕೂತು ನೋಡುತ್ತಾ ಬಂದಿರುವುದು ಆ ಬೆನ್ನನ್ನೇ. ಮುಖವನ್ನು ಹಾಕಿದ್ದರೆ ಬಹುಶಃ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಸ್ಸಿನ ತುಂಬ ಅದೇ ಮಾತು. ‘ಏನ್ ಡ್ರೈವರೇ, ಊರಿನ ಗೋಡೆ ತುಂಬ ನೀವೇ’, ‘ಹೇಳಲೇ ಇಲ್ವಲ್ಲ ಸ್ವಾಮಿ, ನಾವೇನು ಬೇಡ ಅಂತಿದ್ವಾ.’ ಕಂಡಕ್ಟರೇ ಅಡ್ಡ ಬಂದು, ‘ಸೊಸೆ ಪ್ರೆಸ್ಸಿನವಳು ಕಣ್ರೀ, ಸುಮ್ನೆ ಮಾಡೆಲ್ ಮಾಡ್ಕೊಂಡಿದ್ದಾಳೆ’ ಅಂದರಂತೆ. ಎಲ್ಲರೂ ನಕ್ಕು ನಂಬಿದರು. ಸಂಜೆ ಇವರು ಊರಿನಿಂದ ಬಂದವರು ನಿಲ್ದಾಣದಲ್ಲೇ ಪೋಸ್ಟರ್ ನೋಡಿ, ಚೀಲ ಇಳಿಸದೆ ನನ್ನ ಮುಂದೆ ನಿಂತು ಮೆಲ್ಲಗೆ ಹೇಳಿದರು. ಮಾವ ಒಂದು ಕಾಲಕ್ಕೆ ವಿಪರೀತ ಕುಡಿಯುತ್ತಿದ್ದರಂತೆ. ಗುರುವಾರ ಸಂಜೆ ‘ಸ್ನೇಹಿತರ ಹತ್ತಿರ’ ಹೋಗುವುದೆಂದರೆ ಆ ಲೈಬ್ರರಿಯ ಮಹಡಿಗಂತೆ. ನನಗೆ ಯಾರೂ ಹೇಳಿರಲಿಲ್ಲ. ಈ ಮನೆಯಲ್ಲೂ ಒಂದು ಜ್ವರ ಇತ್ತು, ನೋಡು. ಅತ್ತೆ ಬೈಯಲಿಲ್ಲ. ಪಾತ್ರೆ ಒರೆಸುತ್ತ, ‘ಇಷ್ಟು ವರ್ಷ ಮುಚ್ಚಿಟ್ಕೊಂಡು ಬಂದಿದ್ದೆ. ನೀನು ಗೋಡೆಗೆ ಅಂಟಿಸಿಬಿಟ್ಟೆಯಲ್ಲೇ’ ಅಂದರು, ಅಷ್ಟೇ. ಮಾವ ಊಟ ಮಾಡಿ ಮಲಗಿದರು.

ಬೆಳಿಗ್ಗೆ ನಾನೂ ಇವರೂ ಬಕೆಟ್ಟು, ಕೆರೆಯುವ ತಗಡು ಹಿಡಿದುಕೊಂಡು ಹೊರಟೆವು. ನಾನು ಒಳ್ಳೆಯ ಅಂಟನ್ನೇ ಹಾಕಿಸಿದ್ದೆ, ಉಗುರಿನಷ್ಟು ಸಹ ಬಿಡಲೊಲ್ಲದು. ಮೊದಲನೇ ನಿಲ್ದಾಣದಲ್ಲೇ ಕೆರೆಯುತ್ತಿರುವಾಗ ಮಾವನ ಬಸ್ಸು ಬಂದು ನಿಂತಿತು, ತುಂಬಿದ ಬಸ್ಸು. ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಬಿಡಮ್ಮಾ ಅದನ್ನ’ ಅಂದರು. ನಾನು ಬಿಡಲಿಲ್ಲ. ಅವರು ಇಂಜಿನ್ ಆಫ್ ಮಾಡಿದರು. ‘ನಿನ್ನೆ ಕೊನೇ ಸ್ಟಾಪಲ್ಲಿ ಎಲ್ಲರೂ ಇಳಿದ ಮೇಲೂ ಒಬ್ಬರು ಇಳೀಲಿಲ್ಲ. ಅಲ್ಲಿಗೆ ಹೋದ್ರೆ ಏನೇನು ಕೇಳ್ತಾರೆ ಅಂದ್ರು. ನಾನು ಬರೀ ಮಾಡೆಲ್ಲು, ನಂಗೊತ್ತಿಲ್ಲ ಅನ್ಲಾ? ಏನೂ ಕೇಳಲ್ಲ, ಗುರುವಾರ ನಾನೂ ಹೋಗ್ತೀನಿ, ಜೊತೆಗೆ ಬನ್ನಿ ಅಂದೆ.’ ಕಂಡಕ್ಟರ್ ಚಿಲ್ಲರೆ ಎಣಿಸುವವರಂತೆ ತಲೆ ತಗ್ಗಿಸಿದರು. ಮಾವ ಗಾಡಿ ಸ್ಟಾರ್ಟ್ ಮಾಡಿ, ‘ಕಿವಿ ಕೆರೆದು ಹಾಕಿದ್ದೀಯಾ, ಇನ್ನೊಂದು ಹಚ್ಚು’ ಅಂದು ಹೊರಟುಹೋದರು.

ಆಮೇಲೆ ಎಲ್ಲ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡ. ಯಾರೋ ಡಿಪೋಗೆ ದೂರು ಕೊಟ್ಟರು. ಕುಡಿದಿದ್ದಾರೋ ಎಂದು ನೋಡಲು ಎಲ್ಲ ಡ್ರೈವರುಗಳೂ ಬೆಳಿಗ್ಗೆ ಒಂದು ಸಲ ಊದುವ ಯಂತ್ರವನ್ನು ಮಾವ ಈಗ ಮಧ್ಯಾಹ್ನವೂ ಊದಬೇಕು. ‘ಊದೋಕೇನು, ಉಸಿರು ನಂದೇ’ ಅನ್ನುತ್ತಾರೆ. ಆದರೂ ಮಧ್ಯಾಹ್ನದ ಊಟ ಅರ್ಧ ಬಿಟ್ಟೇ ಬರುತ್ತಾರೆ, ಡಬ್ಬಿ ತೊಳೆಯುವವಳು ನಾನು, ನನಗೆ ಗೊತ್ತು. ಕೆಲವರು ಅವರ ಬಸ್ಸು ಬಿಟ್ಟು ಹಿಂದೆ ಬರುವ ಬಸ್ಸಿಗೆ ಕಾಯುತ್ತಾರಂತೆ. ಅತ್ತೆ ನನ್ನ ಜೊತೆ ಮಾತಾಡುತ್ತಾರೆ, ಅಂಗಡಿಗೆ ಮಾತ್ರ ಪಕ್ಕದ ಬೀದಿಯಿಂದ ಸುತ್ತು ಹಾಕಿ ಹೋಗುತ್ತಾರೆ. ಕೊನೇ ಸ್ಟಾಪಿನಲ್ಲಿ ಇಳಿಯದೆ ಕೂತಿದ್ದವರು ಗುರುವಾರ ಬಂದರಂತೆ. ಯಾರೆಂದು ಮಾವ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ವಾರ ಇನ್ನಷ್ಟು ಪೋಸ್ಟರ್ ಬೇಕೆಂದು ನರ್ಸಮ್ಮ ಹೇಳಿ ಕಳಿಸಿದ್ದಾರೆ.

ಲೋಟಗಳು ಸುಮ್ಮನಾದವು, ಇವರು ಮೆಟ್ಟಿಲು ಹತ್ತುತ್ತಿದ್ದಾರೆ. ಇವತ್ತು ಭಾನುವಾರವಾದರೂ ಕೆಲಸ, ನೋಡು. ಆರೋಗ್ಯ ನೋಡಿಕೋ. ಮಲಗುವ ಮುಂಚೆ ಸ್ಟವ್ ಆರಿಸಿದ್ದೀಯಾ ಎಂದು ಒಮ್ಮೆ ನೋಡು. ನಮ್ಮಿಬ್ಬರ ನಮಸ್ಕಾರ, ನಿನಗೆ ನನ್ನ ದೊಡ್ಡ ಅಪ್ಪುಗೆ.

ನಿನ್ನ,
ವಟವಟ

ತಾ.ಕ.: ನಿನ್ನ ಜ್ವರ ಯಾವುದೆಂದು ಮಾವನಿಗೆ ಹೇಳಿಬಿಟ್ಟೆ. ಬೈಯಬೇಡ, ಅಥವಾ ಬೈ, ಆದರೆ ಮುಂದೆ ಓದು. ನಿಮ್ಮೂರಿನ ಮಾರುಕಟ್ಟೆಯ ಹಿಂದಿನ ಶಾಲೆಯಲ್ಲಿ ಭಾನುವಾರ ಸಂಜೆ ಇಂಥದೇ ಗುಂಪು ಸೇರುತ್ತದಂತೆ, ನರ್ಸಮ್ಮ ವಿಚಾರಿಸಿದ್ದಾರೆ. ಬರುವ ಭಾನುವಾರ ಮಾವನಿಗೆ ರಜೆ, ಮಧ್ಯಾಹ್ನದ ಹೊತ್ತಿಗೆ ನಿನ್ನ ಮನೆಗೆ ಬರುತ್ತಾರೆ. ಬುದ್ಧಿ ಹೇಳುವುದಿಲ್ಲವಂತೆ. ನೀನು ಹೊರಟರೆ ಜೊತೆಗೆ ನಡೆಯುತ್ತಾರೆ, ಹೊರಡದಿದ್ದರೆ ಅವರೊಬ್ಬರೇ ಹೋಗಿ ಕೂತು ವಾಪಸ್ ಬರುತ್ತಾರೆ. ಕುಡಿದಿದ್ದರೂ ಪರವಾಗಿಲ್ಲ ಅಂದಿದ್ದಾರೆ. ನೀನು ಬಾಗಿಲು ತೆಗೆದರೆ ಸಾಕು.