ಗುಮ್ಮಟದ ಬಾಗಿಲಲ್ಲಿ ಬಿಟ್ಟ ಬೂಟು

ಲೆನಿನ್‌ಗ್ರಾಡ್
ಜೂನ್ 1936

ಚಿ. ಸೌ. ಭವಾನಿ,

ಆಶೀರ್ವಾದಗಳು ಎಂದು ಶುರುಮಾಡುವುದು ಗಂಡಂದಿರ ಪದ್ಧತಿ. ನಿನ್ನ ಸಿಟ್ಟು ಇಳಿದಿದೆಯೋ ಇಲ್ಲವೋ ತಿಳಿಯದೆ ಆಶೀರ್ವಾದ ಮಾಡಲು ನನಗೆ ಧೈರ್ಯವಿಲ್ಲ ಮಾರಾಯ್ತಿ!

ಈ ಕಾಗದವನ್ನು ಮೊದಲು ಒಡೆಯುವವರು ಮಾವನವರೇ ತಾನೆ? ಅವರಿಗೊಂದು ಮಾತು: ಸಮುದ್ರ ದಾಟಿದರೂ ಸಂಧ್ಯಾವಂದನೆ ಬಿಟ್ಟಿಲ್ಲ. ಆದರೆ ಈ ಊರಿನ ಸೂರ್ಯನಿಗೆ ಈಗ ಮುಳುಗುವ ಮನಸ್ಸೇ ಇಲ್ಲ. ಸಾಯಂಸಂಧ್ಯೆಗೆಂದು ಕಿಟಕಿಯ ಹತ್ತಿರ ಕಾದು ಕಾದು ಹೊಟ್ಟೆ ಚುರುಗುಟ್ಟುತ್ತದೆ.

ಇನ್ನು ಉಳಿದದ್ದೆಲ್ಲ ನಿನಗೆ. ಸ್ವೀಡನ್ನಿನಲ್ಲಿ ಕಾರ್ಖಾನೆಯವರು ನೋಡಿ ಬಾ ಎಂದ ಕುಲುಮೆಗಳನ್ನೆಲ್ಲ ನೋಡಿ ಮುಗಿಸಿ, ಹಡಗು ಹತ್ತಿ ಇಲ್ಲಿಗೆ ಬಂದೆ. ಎಂಥ ಊರು ಕಣೇ! ಬೀದಿಗೊಂದು ಕಾಲುವೆ, ಕಾಲುವೆಗೊಂದು ಸೇತುವೆ. ಸೇತುವೆಯ ಕಂಬಿಗಳಲ್ಲಿ ಎರಕದ ಬಳ್ಳಿ, ಎರಕದ ಹೂವು. ನಮ್ಮ ಭದ್ರಾವತಿಯಲ್ಲಿ ಎರಕ ಹೊಯ್ಯುವ ಹಾಲಸ್ವಾಮಿ ನೋಡಿದ್ದರೆ ಊಟ ಬಿಟ್ಟು ಅಲ್ಲೇ ಕೂತುಬಿಡುತ್ತಿದ್ದ.

ಶಿವಮೊಗ್ಗದ ಸ್ಟೇಷನ್ನಿನಲ್ಲಿ ನೀನು ಹೇಳಿದ ಮಾತು ಇಲ್ಲಿಯವರೆಗೂ ಬೆನ್ನು ಬಿಟ್ಟಿಲ್ಲ. "ನೀವು ಸಮುದ್ರ ದಾಟಿದ್ರೆ ಅಪ್ಪ ಇನ್ನು ನನ್ನನ್ನ ಭದ್ರಾವತಿಗೆ ಕಳ್ಸಲ್ಲ ಅಂತಾರೆ. ಅವ್ರದ್ದು ಹಾಗಿರ್ಲಿ. ನೀವು ಅಲ್ಲಿ ಹೋಗಿ ಬೇರೆಯವ್ರಾಗಿ ಬಂದ್ರೆ ನಾನೇ ಬರಲ್ಲ, ನೋಡಿ." ಅಷ್ಟು ಹೇಳಿ ಮುಖ ತಿರುಗಿಸಿದೆ. ನನಗೂ ಒಳಗೊಳಗೇ ಹೆದರಿಕೆಯಾಯಿತು.

ನಿನ್ನೆ ಒಂದು ದೊಡ್ಡ ಇಗರ್ಜಿಗೆ ಹೋದೆ. ಪೂಜೆ ನಿಂತು ಮ್ಯೂಸಿಯಂ ಆಗಿದೆ. ಕೆಂಪು ಕಲ್ಲಿನ ಕಂಬಗಳು, ಮೇಲೆ ಚಿನ್ನದ ಗುಮ್ಮಟ. ಆ ಚಿನ್ನದ ಒಳಗಿರುವುದೆಲ್ಲ ಎರಕದ ಕಬ್ಬಿಣ ಎಂದು ನನ್ನ ಜೊತೆಗೆ ಬಂದಿದ್ದ ದುಭಾಷಿ ಹೇಳಿದಾಗ, ನಾನೇ ಕಟ್ಟಿಸಿದೆನೇನೋ ಎನ್ನುವ ಹಾಗೆ ಎದೆಯುಬ್ಬಿತು. ಅದೇ ಹೊತ್ತಿಗೆ ಸುತ್ತಲಿನವರು ನಗತೊಡಗಿದರು. ನೋಡಿಕೊಂಡರೆ ಬರಿ ಕಾಲುಚೀಲ, ತೂತಿನಿಂದ ಇಣುಕುತ್ತಿರುವ ಹೆಬ್ಬೆರಳು! ನಮ್ಮ ದೇವಸ್ಥಾನವೆಂಬಂತೆ ಬೂಟುಗಳನ್ನು ಮೆಟ್ಟಿಲ ಬಳಿಯೇ ಬಿಟ್ಟು ಬಂದಿದ್ದೆ. ಭವಾನಿ, ಬೇರೆಯವನಾಗಿಲ್ಲ ಕಣೇ ನಾನು!

ಬಾಗಿಲು ಕಾಯುವ ಅಜ್ಜಿ ನೆಲದ ಕಲ್ಲು ತಣ್ಣಗಿದೆ ಎಂದು ಬೈಯುತ್ತಾ ಬಂದಳು. ದುಭಾಷಿ ವಿಷಯ ತಿಳಿಸಿದ ಮೇಲೆ ತಾನೇ ಹೋಗಿ ಬೂಟು ತಂದಿಟ್ಟಳು. "ಒಂದೇ ಜೊತೆಯಾ? ಹೆಂಡತಿ ಎಲ್ಲಿ?" ಎಂದು ಕೇಳಿದಳು. ತವರಲ್ಲಿದ್ದಾಳೆ, ಬರುತ್ತಾಳೋ ಇಲ್ಲವೋ ಎಂದೆ. ಅವಳ ಪಾದ ಎಷ್ಟುದ್ದ ಎಂದಳು. ನಾನು ಬೆರಳ ತುದಿಯಿಂದ ಮಣಿಕಟ್ಟು ದಾಟಿ ಎರಡು ಬೆರಳಿನವರೆಗೆ ತೋರಿಸಿದೆ. ಕಾಲುಂಗುರ ತೊಡಿಸಿದ ದಿನ ಹಿಡಿದ ಪಾದ, ಮರೆಯುತ್ತೇನೆಯೇ? ನಾಳೆ ಬಾ ಎಂದಿದ್ದಳು; ಇವತ್ತು ಹೋದರೆ ತಾನೇ ಕೈಯಾರೆ ಹೊಲಿದ ಕಂಬಳಿ ಚಪ್ಪಲಿ ತಂದು ನನ್ನ ಕೈಗಿಟ್ಟಳು.

ಬರೀ ಉಣ್ಣೆಯದು, ಮಡಿಗೆ ಅಡ್ಡಿಯಿಲ್ಲ ಎಂದು ಮಾವನವರಿಗೆ ಹೇಳು. ಅವರು ಹೇಳಿದ ಪ್ರಾಯಶ್ಚಿತ್ತವನ್ನೆಲ್ಲ ಮಾಡಿಕೊಳ್ಳುತ್ತೇನೆ. ಆದರೆ ಬರುತ್ತೀಯೋ ಇಲ್ಲವೋ ಎಂಬುದಕ್ಕೆ ಉತ್ತರ ನಿನ್ನ ಕಾಲೇ ಕೊಡಬೇಕು. ಬಂದವನು ಈ ಚಪ್ಪಲಿಯನ್ನು ನಿಮ್ಮ ಹೊಸ್ತಿಲ ಮುಂದೆ ಇಡುತ್ತೇನೆ. ಮೆಟ್ಟಿಕೊಂಡು ಹೊರಟುಬಿಡು. ಭದ್ರಾವತಿಯ ಮನೆಬಾಗಿಲಲ್ಲಿ ನನ್ನ ಬೂಟಿನ ಪಕ್ಕ ಜಾಗ ಬಿಟ್ಟಿದ್ದೇನೆ.

ದೀರ್ಘಸುಮಂಗಲಿಯಾಗು ಎಂದು ಹರಸಿದರೆ ನನಗೇ ಆಯುಸ್ಸು ಕೇಳಿಕೊಂಡಂತೆ. ಇರಲಿ, ಕೇಳಿಕೊಳ್ಳುತ್ತೇನೆ.

ಮೇಲೆ ಚಿನ್ನವಿಲ್ಲದ, ಒಳಗೆ ಅದೇ ಕಬ್ಬಿಣದ, ನಿನ್ನ
ಉಮಾಮಹೇಶ್ವರ