ಅಡುಗೆಮನೆಯ ಗೋಡೆ

ಮಾಂಬಳ್ಳಿ

ಮನೆ ವಿಮೆಯ ಅಧಿಕಾರಿಗಳಿಗೆ,
ಕೊಳ್ಳೇಗಾಲ ಶಾಖೆ

ಮಾನ್ಯರೇ,

ಮಳೆಯಲ್ಲಿ ಸೂರು ಕುಸಿದ ನಮ್ಮ ಮನೆಯನ್ನು ನಿಮ್ಮ ಸರ್ವೇಯರ್ ಸೋಮವಾರ ಬಂದು ನೋಡಿದರು. ಅಡುಗೆಮನೆಗೂ ನಡುಮನೆಗೂ ಮಧ್ಯೆ ಇದ್ದ ಗೋಡೆಯನ್ನು ಬೇಸಿಗೆಯಲ್ಲಿ ಒಡೆಸಿದ್ದು ನಿಜ. ನಿಮಗೆ ತಿಳಿಸಬೇಕೆಂದು ನಮಗೆ ಗೊತ್ತಿರಲಿಲ್ಲ. ನಮ್ಮ ಅತ್ತೆ ಪುಟ್ಟಗೌರಮ್ಮ ನಡುಮನೆಯಲ್ಲಿ ಹಾಸಿಗೆ ಹಿಡಿದಿದ್ದರು, ನಾನು ದಿನವೆಲ್ಲ ಅಡುಗೆಮನೆಯಲ್ಲಿರುತ್ತಿದ್ದೆ. "ಒಬ್ಳೇ ಬಿದ್ದಿರ್ತೀನಿ, ಯಶೋದನ ಮಕನಾರ ಕಾಣ್ಲಿ. ಆ ಗ್ವಾಡೆ ಒಡ್ಸಾಕು ಕಣ್ಲಾ" ಎಂದು ಮಗನಿಗೆ ಹೇಳುತ್ತಿದ್ದರು. ನಮ್ಮ ಯಜಮಾನರು ಒಡೆಸಿದರು. ಸೂರು ಬಿದ್ದದ್ದು ಅತ್ತೆಯ ಮಂಚದ ಮೇಲೆ. ಅವರು ಉಳಿಯಲಿಲ್ಲ.

"ಸೂರಿನ ಭಾರವೆಲ್ಲ ಆ ಗೋಡೆ ಮೇಲೇ ಇತ್ತಮ್ಮ. ಹೇಳದೆ ಒಡೆಸಿದ್ದೀರ, ವಿಮೆ ಹಣ ಬರೋದಿಲ್ಲ" ಎಂದರು ಸರ್ವೇಯರ್. ಆಗ ಯಜಮಾನರು ಗದ್ದೆಯಲ್ಲಿದ್ದರು. ಸಂಜೆ ಬಂದು, "ಏನಂದ್ರು?" ಎಂದು ಕೇಳಿದರು.

"ಮಳೆಗೇ ಬಿದ್ದದ್ದು ಅಂದ್ರು ಕಣ್ರಿ" ಎಂದೆ.

ಅವರು ತಲೆಯಾಡಿಸಿ ಕೈಕಾಲು ತೊಳೆಯಲು ಹೋದರು. ಅತ್ತೆ ಹೋದ ಮೇಲೆ ಆ ದಿನವೇ ಸ್ವಲ್ಪ ಉಂಡರು.

ಹಣ ಕೊಡುವುದು ಬೇಡ. ಆದರೆ ವಿಮೆ ಯಜಮಾನರ ಹೆಸರಿನಲ್ಲಿದೆ, ನಿಮ್ಮ ಉತ್ತರ ಅವರ ಕೈಗೇ ಬರುತ್ತದೆ. ಅದರಲ್ಲಿ ಗೋಡೆಯ ಮಾತು ಬರೆಯಬೇಡಿ. ಈ ವರ್ಷದ ಕಂತು ಕಟ್ಟಿಲ್ಲ, ಆದ್ದರಿಂದ ಹಣ ಬರುವುದಿಲ್ಲ ಎಂದು ಬರೆಯಿರಿ. ನಮ್ಮ ಮನೆಯಲ್ಲಿ ಕಂತು ಕಟ್ಟುವುದು ನನ್ನ ಕೆಲಸ. ನನ್ನನ್ನು ಬೈದರೆ ಬೈಯಲಿ.

ಕಂತು ಕಟ್ಟಿದ ರಸೀದಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮನೆಯಲ್ಲಿದ್ದರೆ ಅವರ ಕಣ್ಣಿಗೆ ಬೀಳುತ್ತದೆ. ದಯವಿಟ್ಟು ವಾಪಸ್ ಕಳಿಸಬೇಡಿ.

ಇಂತಿ,
ಯಶೋದ